ನಡುವೆ ಸೇರುವವರ ಕೈಗೆ ಸಿಗುವುದೇನು? ಗಣಕ ಪಾಠಗಳ ಉಪಕರಣಗಳ ಚರಿತ್ರೆ

ಹುಳಿಯಾರು, ತಿಪಟೂರು, ತುರುವೇಕೆರೆ ಸೀಮೆಯ ಉಂಡೆ ಕೊಬ್ಬರಿ ನಿಮಗೆ ಗೊತ್ತಿರಬಹುದು. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹಲವು ತಿಂಗಳು ಒಣಗಲು ಬಿಡುತ್ತಾರೆ. ಸಸಿ ನೆಟ್ಟವರು ಒಬ್ಬರು, ಕಾಯಿ ಕೆಡವಿದವರು ಮತ್ತೊಬ್ಬರು, ಸುಲಿದು ಒಡೆದು ಕೊಬ್ಬರಿ ತೆಗೆಯುವವರು ಇನ್ನೊಬ್ಬರು. ಗಣಕದ ಮೂಲಕ ಕಲಿಸುವ ಪಾಠಗಳೂ ಹೀಗೆಯೇ ಹಲವರ ಕೈ ದಾಟಿ ಬರುತ್ತವೆ. ಇಂತಹ ಕೆಲಸಕ್ಕೆ ನಡುವೆ ಸೇರಿದವರಿಗೆ ಹಿಂದಿನವರು ಏನನ್ನು ಉಳಿಸಿರುತ್ತಾರೆ? ಉತ್ತರಕ್ಕಾಗಿ ಈ ಉಪಕರಣಗಳ ಚರಿತ್ರೆಯನ್ನು ನೋಡೋಣ.

ಪ್ಲೇಟೋದಿಂದ ಆತರ್‌ವೇರ್‌ಗೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಅವರು 'ಪ್ಲೇಟೋ' ಎಂಬ ಗಣಕ ಬೋಧನಾ ವ್ಯವಸ್ಥೆಯನ್ನು ಆರಂಭಿಸಿದರು. 1967ರಲ್ಲಿ ಪಾಲ್ ಟೆನ್ಜಾರ್ ಅದಕ್ಕಾಗಿ 'ಟ್ಯೂಟರ್' ಎಂಬ ಭಾಷೆಯನ್ನು ರೂಪಿಸಿದರು. ಪ್ರೋಗ್ರಾಮಿಂಗ್ ತಜ್ಞರಲ್ಲದ ಅಧ್ಯಾಪಕರೂ ಪಾಠ ಬರೆಯುವಂತಾಗಬೇಕೆಂಬುದು ಅದರ ಉದ್ದೇಶ. ಗಮನಿಸಿ, ಈ ಮಹತ್ವದ ಕೊಡುಗೆ ಬಂದದ್ದು ಯೋಜನೆ ಶುರುವಾಗಿ ಏಳು ವರ್ಷಗಳಾದ ಮೇಲೆ.

ಪ್ಲೇಟೋವನ್ನು ವಾಣಿಜ್ಯ ರೂಪಕ್ಕೆ ತಂದ ಕಂಟ್ರೋಲ್ ಡೇಟಾ ಕಂಪನಿಯಲ್ಲಿ ದುಡಿದಿದ್ದ ಮೈಕೆಲ್ ಆಲೆನ್ 1980ರ ದಶಕದಲ್ಲಿ 'ಆತರ್‌ವೇರ್' ತಂದರು. ಇಲ್ಲಿ ಸಾಲುಸಾಲು ಆದೇಶಗಳನ್ನು ಬರೆಯಬೇಕಿರಲಿಲ್ಲ. ಪರದೆಯ ಮೇಲಿನ ಒಂದು ಗೆರೆಯಲ್ಲಿ ಚಿಹ್ನೆಗಳನ್ನು ಪೋಣಿಸಿದರೆ ಪಾಠದ ಹರಿವು ಸಿದ್ಧ. ಹೊಸಬರಿಗೂ ಅದು ಒಂದೇ ನೋಟಕ್ಕೆ ಅರ್ಥವಾಗುತ್ತಿತ್ತು. ಆದರೆ ಆತರ್‌ವೇರ್ ಮ್ಯಾಕ್ರೋಮೀಡಿಯಾ ಕಂಪನಿಗೆ, 2005ರಲ್ಲಿ ಅಲ್ಲಿಂದ ಅಡೋಬಿಗೆ ಸೇರಿತು. 2007ರಲ್ಲಿ ಅದರ ಅಭಿವೃದ್ಧಿ ನಿಂತಿತು. ಆ ಕಡತಗಳನ್ನು ತಿದ್ದಲು ಅದೇ ತಂತ್ರಾಂಶ ಬೇಕಾದ್ದರಿಂದ ಪಾಠಗಳೂ ಅದರೊಡನೆ ಮುದುಡಿದವು.

ಫ್ಲ್ಯಾಶ್ ಕಲಿಸಿದ ಪಾಠ

2000ದ ದಶಕದಲ್ಲಿ ಚಲಿಸುವ ಚಿತ್ರಗಳ ಪಾಠವೆಂದರೆ ಬಹುಮಟ್ಟಿಗೆ 'ಫ್ಲ್ಯಾಶ್'. ಇದರಲ್ಲಿ ಎರಡು ಬಗೆಯ ಕಡತಗಳಿದ್ದವು. ತಯಾರಕರು ತಿದ್ದುವ ಮೂಲ ಕಡತ 'ಎಫ್‌ಎಲ್‌ಎ', ವಿದ್ಯಾರ್ಥಿ ನೋಡುವ ಸಿದ್ಧ ಕಡತ 'ಎಸ್‌ಡಬ್ಲ್ಯುಎಫ್'. ಸಿ.ಡಿ.ಯಲ್ಲಿ ಶಾಲೆಗೆ ತಲುಪುತ್ತಿದ್ದುದು ಸಾಮಾನ್ಯವಾಗಿ ಎರಡನೆಯದು ಮಾತ್ರ. ಅದೊಂದೇ ಕೈಗೆ ಸಿಕ್ಕರೆ, ಪಾಠದಲ್ಲಿ ಒಂದು ತಪ್ಪು ಅಂಕಿಯನ್ನು ಸರಿಪಡಿಸುವುದೂ ಪ್ರಯಾಸ.

ಕನ್ನಡದ ಪಾಠಗಳಿಗೆ ಇನ್ನೊಂದು ತೊಡಕಿತ್ತು. ನುಡಿ, ಬರಹದಂತಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿರುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಮೂಲ ಕಡತ ತೆರೆದರೆ 'ಗುರುತ್ವ' ಎಂಬ ಪದದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು! ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಕೇತವಿರುವ ಯುನಿಕೋಡ್ ಬಳಸಿದ್ದ ಪಠ್ಯಕ್ಕೆ ಈ ಗತಿ ಇಲ್ಲ.

2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಅದರಲ್ಲಿ ಪಾಠಗಳು ಓಡದಂತೆ ತಡೆಯೂ ಬಂತು. 'ರಫಲ್' ಎಂಬ ಮುಕ್ತ ತಂತ್ರಾಂಶದಿಂದ ಹಲವು ಹಳೆಯ ಪಾಠಗಳನ್ನು ಇಂದು ನೋಡಬಹುದು. ಆದರೆ ನೋಡುವುದು ಬೇರೆ, ತಿದ್ದುವುದು ಬೇರೆ.

2000ದಲ್ಲಿ ಬಂದ 'ಸ್ಕಾರ್ಮ್' ಮಾನಕ ಈ ತೊಂದರೆಯನ್ನು ನಿವಾರಿಸಲಿಲ್ಲವೇ ಎಂದು ನೀವು ಕೇಳಬಹುದು. ಒಂದು ಕಲಿಕಾ ವ್ಯವಸ್ಥೆಯ ಪಾಠ ಇನ್ನೊಂದರಲ್ಲೂ ನಡೆಯುವಂತೆ ಅದು ಮಾಡಿತು, ನಿಜ. ಆದರೆ ಪೊಟ್ಟಣದೊಳಗೆ ಮೂಲ ಕಡತ ಇರಲೇಬೇಕೆಂದು ಅದು ಹೇಳುವುದಿಲ್ಲ.

ಉಳಿದವು ಹೇಗೆ ಉಳಿದವು?

ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಫೆಟ್' ಯೋಜನೆಯನ್ನು ಗಮನಿಸಿ. ಲೋಲಕ, ವಿದ್ಯುನ್ಮಂಡಲ ಮೊದಲಾದ ಅದರ ಅನುಕರಣಾ ಪ್ರಯೋಗಗಳು ಮೊದಲು ಜಾವಾ ಮತ್ತು ಫ್ಲ್ಯಾಶ್‌ನಲ್ಲಿದ್ದವು. ಅವುಗಳಲ್ಲಿ ಅನೇಕವನ್ನು ಎಚ್‌ಟಿಎಂಎಲ್-5ರಲ್ಲಿ ಮರುರಚಿಸಲಾಯಿತು. ಮೂಲ ಸಂಕೇತ ಎಲ್ಲರಿಗೂ ಮುಕ್ತ. ಪರದೆಯ ಮೇಲಿನ ಪದಗಳನ್ನು ಪ್ರೋಗ್ರಾಮಿನಿಂದ ಬೇರೆಯಾಗಿ ಇಡಲಾಗಿದೆ. ಆದ್ದರಿಂದಲೇ ಪ್ರೋಗ್ರಾಮಿಂಗ್ ಅರಿಯದ ಅನುವಾದಕರು ಎಷ್ಟೋ ವರ್ಷಗಳ ನಂತರ ಸೇರಿ ಅವಕ್ಕೆ ಕನ್ನಡ ರೂಪ ಕೊಡಲು ಸಾಧ್ಯವಾಯಿತು.

ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದ ಮಾರ್ಗವೂ ಇಂತಹುದೇ. ಅದು ವಿಕಿ. ಯಾವ ಶಿಕ್ಷಕರು ಯಾವ ದಿನ ಏನು ಬದಲಿಸಿದರೆಂಬುದು ಪುಟದ ಇತಿಹಾಸದಲ್ಲೇ ದಾಖಲಾಗಿರುತ್ತದೆ. ತಡವಾಗಿ ಬಂದವರು ಹಿಂದಿನವರನ್ನು ಹುಡುಕಿಕೊಂಡು ಅಲೆಯಬೇಕಿಲ್ಲ.

ನಿಮ್ಮ ಸರದಿ ಬಂದಾಗ

ನೀವು ಶಿಕ್ಷಕರಾಗಿರಲಿ, ತಂತ್ರಜ್ಞರಾಗಿರಲಿ, ಅರ್ಧ ನಡೆದ ಯೋಜನೆಗೆ ಸೇರಿದಾಗ ಮೊದಲು ಕೇಳಬೇಕಾದದ್ದು "ಮೂಲ ಕಡತಗಳೆಲ್ಲಿ?" ಎಂದು. ನಂತರ ಉಪಕರಣದ ಹೆಸರು ಮತ್ತು ಆವೃತ್ತಿ, ಅಕ್ಷರಶೈಲಿ, ಚಿತ್ರ ಮತ್ತು ಧ್ವನಿಯ ಅಸಲು ಪ್ರತಿಗಳು, ಪಾಠದ ಲಿಖಿತ ರೂಪ, ಬಳಕೆಯ ಪರವಾನಗಿ ಇವುಗಳನ್ನು ಕೇಳಿ. ಇವು ಸಿಗದಿದ್ದರೆ ಹಳೆಯದನ್ನು ತೇಪೆ ಹಾಕುವ ಬದಲು ಪಾಠವನ್ನು ಯುನಿಕೋಡ್‌ನಲ್ಲಿ ಮತ್ತೆ ಬರೆದುಕೊಂಡು ಹೊಸದಾಗಿ ಕಟ್ಟುವುದು ಎಷ್ಟೋ ಸಲ ಲಾಭಕರ.

ಅನೇಕ ಶಾಲೆಗಳ ಬೀರುವಿನಲ್ಲಿ ಹಳೆಯ ಸಿ.ಡಿ.ಗಳಿವೆ. ಅವುಗಳ ಹಿಂದೆ ಒಬ್ಬ ಕನ್ನಡ ಮೇಷ್ಟ್ರ ಧ್ವನಿ, ಒಬ್ಬ ಚಿತ್ರಕಾರರ ಶ್ರಮ ಇದೆ. ನೀವು ಯೋಜನೆ ಬಿಡುವ ದಿನ ಈ ಪಟ್ಟಿಯನ್ನು ಮುಂದಿನವರ ಕೈಗೆ ಒಪ್ಪಿಸಿಯೇ ಹೊರಡಿ.