ಬಿಡಿಸಿದ ಅಂಗೈ

ನಿಟ್ಟೂರಿನಂತಹ ಮಲೆನಾಡಿನ ಊರುಗಳಲ್ಲಿಯೂ ಪಂಚಾಯಿತಿ ಚುನಾವಣೆಯಲ್ಲಿ ಸಮಮತ ಬಂದರೆ ಚೀಟಿ ಎತ್ತಿಯೇ ಗೆಲುವನ್ನು ನಿರ್ಣಯಿಸುವುದು ನಿಯಮ. ಆಗ ಸೋತವರ ಮನದಲ್ಲಿ ಸಂಶಯ ಮೂಡುವುದು ಸಹಜ.

ಈ ಸಂಶಯವನ್ನು ಪೂರ್ವಿಕರೂ ಬಲ್ಲವರಾಗಿದ್ದರು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಗ್ರಾಮಸಭೆಯ ಸಮಿತಿಗಳಿಗೆ ಓಲೆ ಎತ್ತಿ ಸದಸ್ಯರನ್ನು ಆರಿಸುತ್ತಿದ್ದ ಕ್ರಮವನ್ನು ಕ್ರಿ.ಶ. 921ರ ಚೋಳ ಶಾಸನವು ವಿವರಿಸುತ್ತದೆ. ಹಿರಿಯ ಅರ್ಚಕನು ಕೊಡವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗಿರುವುದನ್ನರಿಯದ ಬಾಲಕನು ಓಲೆ ತೆಗೆಯಬೇಕು. ಮಧ್ಯಸ್ಥನು ಐದು ಬೆರಳನ್ನೂ ಬಿಡಿಸಿದ ಅಂಗೈಯಲ್ಲಿ ಅದನ್ನು ಪಡೆದು ಓದಬೇಕು.

ಅಮೆರಿಕ, ಕೆನಡಾಗಳ ಐಸ್ ಹಾಕಿ ಲೀಗು ಎಳೆಯ ಆಟಗಾರರನ್ನು ಆರಿಸುವ ಸರದಿಗಾಗಿ 1995ರಿಂದ ಲಾಟರಿ ಎತ್ತುತ್ತಿದೆ. ಅದು ಮುಚ್ಚಿದ ಕೋಣೆಯಲ್ಲಿ ನಡೆಯುತ್ತಿದ್ದುದರಿಂದ ಮೋಸದ ಅಪವಾದ ತಪ್ಪಲಿಲ್ಲ. 2025ರಲ್ಲಿ ಮೊದಲ ಬಾರಿಗೆ ದೂರದರ್ಶನದ ನೇರಪ್ರಸಾರದಲ್ಲಿಯೇ ಚೆಂಡುಗಳನ್ನು ಎತ್ತಲಾಯಿತು.

ಚೀಟಿ ಎತ್ತಿಸುವವರು ನಂಬಿಕೆಯನ್ನು ಬೇಡುವ ಮೊದಲು ಅಂಗೈ ಬಿಡಿಸಿ ತೋರಿಸುವುದೇ ಧರ್ಮ.