ಅಂಕಿಗಳ ಕೊರಳಹಾರ



ಹುಣಸೂರು ತಾಲ್ಲೂಕಿನ ಗಾವಡಗೆರೆಗೆ ನಾವು ಹೋಗಿದ್ದಾಗ, ಇಳಿದುಕೊಂಡಿದ್ದ ಮನೆಯ ಜಗಲಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬನು ಪುಸ್ತಕವನ್ನು ಮುಂದಿಟ್ಟುಕೊಂಡು ಮಂಕಾಗಿ ಕುಳಿತಿದ್ದನು. ಏಕೆಂದು ಕೇಳಿದೆವು. “ಲೆಕ್ಕ ನನ್ನ ತಲೆಗೆ ಹತ್ತೋದಿಲ್ಲ ಮೇಷ್ಟ್ರೇ” ಎಂದನು. ಆ ಮಾತಿನಲ್ಲಿ ಸೋಮಾರಿತನವಿರಲಿಲ್ಲ, ಭಯವಿದ್ದಿತು.

ಅಂಗಳದ ಮಣ್ಣಿನ ಮೇಲೆ 37037037 ಎಂದು ಬರೆದು, ಇದನ್ನು ಮೂರರಿಂದ ಗುಣಿಸೆಂದೆವು. ಅವನು ಮನಸ್ಸಿಲ್ಲದೆ ತೊಡಗಿದನು. ಉತ್ತರದಲ್ಲಿ ಒಂದರ ಪಕ್ಕದಲ್ಲಿ ಮತ್ತೊಂದು ಒಂದು ಬರುತ್ತ, ಒಂಬತ್ತು ಒಂದುಗಳು ಸಾಲಾಗಿ ನಿಂತುವು. ಆರರಿಂದ ಗುಣಿಸಲು ಒಂಬತ್ತು ಎರಡುಗಳು; ಇಪ್ಪತ್ತೇಳರಿಂದ ಗುಣಿಸಲು ಒಂಬತ್ತು ಒಂಬತ್ತುಗಳು! ಮೂವತ್ತೇಳನ್ನು ಮೂರರಿಂದ ಗುಣಿಸಿದರೆ ನೂರ ಹನ್ನೊಂದಾಗುವುದೆಂಬುದೇ ಇದರ ಗುಟ್ಟು. ಹುಡುಗನು ತಲೆಯೆತ್ತಿ, “ಇದನ್ನು ಯಾರು ಕಂಡುಹಿಡಿದರು?” ಎಂದು ಕೇಳಿದನು. ಇಂದಿನ ನಮ್ಮ ಭಾಷಣವು ಆ ಪ್ರಶ್ನೆಗೆ ಉತ್ತರ.

ಕ್ರಿಸ್ತಶಕ 850ರ ಸುಮಾರಿನಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಕನ್ನಡದ ‘ಕವಿರಾಜಮಾರ್ಗ’ವು ಹುಟ್ಟಿದುದೂ ಅದೇ ದೊರೆಯ ಆಳ್ವಿಕೆಯಲ್ಲಿ. ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈ ಗ್ರಂಥವನ್ನು ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.

ಗುಣಾಕಾರವನ್ನು ಕಲಿಸುವೆಡೆಯಲ್ಲಿ ಆಚಾರ್ಯನು ಬರಿಯ ನಿಯಮವನ್ನು ಹೇಳಿ ಸುಮ್ಮನಾಗಲಿಲ್ಲ. ಅಂಕಿಗಳನ್ನು ಹೂವಿನಂತೆ ಪೋಣಿಸಿದನು. 139ನ್ನು 109ರಿಂದ ಗುಣಿಸಿದರೆ 15151 ಬರುವುದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 27994681ನ್ನು 441ರಿಂದ ಗುಣಿಸಿದರೆ 12345654321. ಅಂಕಿಗಳು ಬೆಟ್ಟವನ್ನು ಹತ್ತಿ ಇಳಿದಂತೆ. ನಮ್ಮ ಹುಡುಗನು ಮಣ್ಣಿನಲ್ಲಿ ಬರೆದ 37037037 ಕೂಡ ಆ ಪುಟಗಳದೇ. ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಗ್ರಂಥಗಳನ್ನು ಬರೆದು ಗಣಿತವನ್ನು ಕನ್ನಡದ ನುಡಿಗೆ ತಂದನು.

ಹುಡುಗನ ತಾತನು ಒಳಗಿನಿಂದ ಬಂದು, ತಾನು ಕಲಿತಿದ್ದ ಮುಕ್ಕಾಲು ಮಗ್ಗಿಯನ್ನು ರಾಗವಾಗಿ ಒಪ್ಪಿಸಿದನು. ಏಳು ಮುಕ್ಕಾಲುಗಳು ಸೇರಿದರೆ ಐದೂಕಾಲು! 1957ರಲ್ಲಿ ದಶಮಾಂಶ ನಾಣ್ಯವು ಬರುವವರೆಗೆ ರೂಪಾಯಿಗೆ ಹದಿನಾರಾಣೆ. ಕಾಲು, ಅರೆ, ಮುಕ್ಕಾಲುಗಳಿಲ್ಲದೆ ಸಂತೆಯ ವ್ಯಾಪಾರವೇ ಸಾಗುತ್ತಿರಲಿಲ್ಲ. ಆದುದರಿಂದ ಬಾಯಿಪಾಠಕ್ಕೆ ಅಂದು ಒಂದು ಅರ್ಥವಿದ್ದಿತು. ಸಂತೆಯ ನಂಟು ತಪ್ಪಿ, ಆಟದ ನಂಟೂ ಸೇರದೆ ಹೋದರೆ ಮಗುವಿಗೆ ಉಳಿಯುವುದು ಬೆತ್ತದ ನೆನಪೊಂದೇ.

ಇನ್ನೊಂದು ಮಾತನ್ನೂ ಆ ಹುಡುಗನಿಗೆ ಹೇಳಿದೆವು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಮಹಾವೀರಾಚಾರ್ಯನು ಬರೆದನು. ಅದು ತಪ್ಪು, ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆಂದು ಇಂದಿನ ಗಣಿತವು ಹೇಳುವುದು. “ಅಷ್ಟು ದೊಡ್ಡವರೂ ತಪ್ಪು ಮಾಡಿದರೇ?” ಎಂದು ಹುಡುಗನು ಬೆರಗಾದನು. ಮಾಡಿದರು, ಆದರೂ ಸಾವಿರದ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಅವರ ಹೆಸರು ಅಳಿದಿಲ್ಲ. ತಪ್ಪಿಗೆ ಅಂಜಿ ಬಳಪವನ್ನು ಕೆಳಗಿಟ್ಟ ಮಗುವಿಗೆ ಇದಕ್ಕಿಂತ ದೊಡ್ಡ ಸಮಾಧಾನವುಂಟೇ?

ಶ್ರೋತೃಗಳು ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, 142857143ನ್ನು ಏಳರಿಂದ ಗುಣಿಸಲು ಹೇಳಬೇಕೆಂದು ನಮ್ಮ ಪ್ರಾರ್ಥನೆ. ಉತ್ತರವನ್ನು ನಾವು ಹೇಳೆವು. ಆಚಾರ್ಯನು ಅದನ್ನು ಅರಸರ ಕೊರಳ ಹಾರವೆಂದು ಕರೆದನೆಂದಷ್ಟೇ ಹೇಳಿ ವಿರಮಿಸುವೆವು.