ಮುಳುಗುವ ಮುಂಚಿನ ನಕ್ಷೆ

ಅಮೆರಿಕದ ಯುಎಸ್‌ಜಿಎಸ್‌ನವರು ತಮ್ಮ ಹಳೇ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಇಟ್ಟಿದ್ದಾರೆ. ನನ್ನಂಥ ನಕ್ಷೆ ಹುಚ್ಚಿನವರಿಗೆ ಅದೊಂದು ನಿಧಿ. ಅದರಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡೋದು 1950ರ ದಶಕದ ಗ್ಲೆನ್ ಕ್ಯಾನ್ಯನ್ ಹಾಳೆಗಳನ್ನು.

ಯೂಟಾ, ಅರಿಜೋನಾ ಗಡಿಯ ಎತ್ತರದ ಮರುಭೂಮಿಯನ್ನು ಕೊಲರಾಡೋ ನದಿ ಕೊರೆದು ಮಾಡಿದ ಕಣಿವೆ ಇದು. 1869ರಲ್ಲಿ ದೋಣಿಯಲ್ಲಿ ಬಂದ ಜಾನ್ ವೆಸ್ಲಿ ಪೊವೆಲ್ ಇಟ್ಟ ಹೆಸರು. ನಾನು ನೋಡುವ ಹಾಳೆಗಳ ಅಳತೆ 1:62,500. ಅಂದ್ರೆ ಒಂದು ಇಂಚಿಗೆ ಹತ್ತಿರ ಹತ್ತಿರ ಒಂದು ಮೈಲಿ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಗೆರೆಗಳು ಒತ್ತೊತ್ತಾಗಿ ಬಂದ ಕಡೆ ಕಡಿದಾದ ಬಂಡೆ. ನಡುವೆ ನೀಲಿ ನದಿ.

ಈ ನದಿಯ ದಡದಲ್ಲಿ ಏನೇನಿತ್ತು ಗೊತ್ತಾ? 1776ರಲ್ಲಿ ಸ್ಪೇನಿನ ಪಾದ್ರಿಗಳು ದಾಟಿದ ಜಾಗ. 1880ರಲ್ಲಿ ಮಾರ್ಮನ್ ವಲಸಿಗರು 83 ಗಾಡಿಗಳನ್ನು ಇಳಿಸಿದ ಬಂಡೆಯ ಸೀಳು. 1946ರಿಂದ ದೋಣಿ ಕಡವು ನಡೆಯುತ್ತಿದ್ದ ಹೈಟ್ ಎಂಬ ಪುಟ್ಟ ಊರು.

ಈಗ ಒಂದು ಆಟ ಆಡಿ. ನಕ್ಷೆಯಲ್ಲಿ 3,700 ಅಡಿ ಎತ್ತರ ಎಲ್ಲೆಲ್ಲಿ ಹಾಯುತ್ತೋ ಗುರುತು ಮಾಡಿ, ಅದರ ಕೆಳಗಿನದಕ್ಕೆಲ್ಲ ನೀಲಿ ಬಳಿಯಿರಿ. ನಿಮಗೆ ಸಿಗೋದೇ ಪೊವೆಲ್ ಸರೋವರ! ಅಣೆಕಟ್ಟಿನ ಕೆಲಸ ಶುರುವಾದದ್ದು 1956ರಲ್ಲಿ. 1963ರ ಮಾರ್ಚ್ 13ಕ್ಕೆ ಗೇಟು ಮುಚ್ಚಿದರು. ನೀರು 3,700 ಅಡಿ ಮುಟ್ಟೋಕೆ 17 ವರ್ಷ ಹಿಡಿಯಿತು, 1980ರ ತನಕ. ಹೈಟ್ ಪೂರ್ತಿ ಮುಳುಗಿತು.

ಗೇಟು ಮುಚ್ಚಿದ ವರ್ಷವೇ ಸಿಯೆರಾ ಕ್ಲಬ್ ಈ ಕಣಿವೆಯ ಬಗ್ಗೆ ಎಲಿಯಟ್ ಪೋರ್ಟರ್ ಅವರ ಚಿತ್ರಗಳ ಪುಸ್ತಕ ತಂದಿತು. ಅದರ ಹೆಸರಿನ ಅರ್ಥ ‘ಯಾರಿಗೂ ಗೊತ್ತಿರದ ಜಾಗ’. ದುಃಖದಿಂದ ಇಟ್ಟ ಹೆಸರು, ನಿಜ. ಆದ್ರೂ ನನ್ನದೊಂದು ತಕರಾರಿದೆ. ನವಾಹೋ ಜನರಿಗೆ ಗೊತ್ತಿತ್ತು, ದೋಣಿಯವರಿಗೆ ಗೊತ್ತಿತ್ತು. ಸರ್ಕಾರಕ್ಕಂತೂ ಗೆರೆ ಗೆರೆಯಾಗಿ ಗೊತ್ತಿತ್ತು. ಅದಕ್ಕೆ ಸಾಕ್ಷಿ ಈ ನಕ್ಷೆಯೇ. ಗೊತ್ತಿಲ್ಲದೆ ಮುಳುಗಿಸಿದ್ದಲ್ಲ, ಗೊತ್ತಿದ್ದೇ ಮುಳುಗಿಸಿದ್ದು. ಅಳೆಯೋದೇ ಬೇರೆ, ಬೆಲೆ ಕಟ್ಟೋದೇ ಬೇರೆ.

ಬರಗಾಲ ಮತ್ತು ಅತಿಬಳಕೆಯಿಂದ 2023ರ ವಸಂತದ ಹೊತ್ತಿಗೆ ನೀರು 3,520 ಅಡಿಯ ಆಸುಪಾಸಿಗೆ ಇಳಿಯಿತು. ಮುಳುಗಿದ್ದ ಎಷ್ಟೋ ಪಕ್ಕದ ಕಣಿವೆಗಳು ಹೊರಬಂದವು. ಹಳೇ ನಕ್ಷೆ ಮತ್ತೆ ನಿಜವಾಯ್ತು ಅಂತ ಖುಷಿಪಡೋಣ ಅಂದ್ರೆ, ತಳದಲ್ಲಿ ದಶಕಗಳ ಹೂಳು ಕೂತಿದೆ. ಈ ನದಿಯ ನೀರನ್ನೇ ನಂಬಿದವರೂ ಸುಮಾರು 4 ಕೋಟಿ ಜನ.

ಪುರುಸೊತ್ತಾದಾಗ ಆ ಹಾಳೆಗಳನ್ನು ನೀವೂ ಒಮ್ಮೆ ತೆರೆದು ನೋಡಿ. ಹೈಟ್ ಇನ್ನೂ ಅಲ್ಲೇ ಇದೆ, ನದಿ ದಡದಲ್ಲಿ.